ಅಕ್ಕ ಹೊಲಿದ ಕುಬಸ

ಆ ಹಸಿರು ಕುಬಸವನ್ನು ಹೊಲಿದವಳು ನನ್ನ ಅಕ್ಕ. ಮಾಸೂರಿನ ತನ್ನ ಮನೆಯ ಪಡಸಾಲೆಯಲ್ಲಿ ಮಷೀನು ಇಟ್ಟುಕೊಂಡು ಊರಿನ ಹೆಂಗಸರ ಬಟ್ಟೆ ಹೊಲಿದು ಬದುಕಿದವಳು. ನನ್ನ ಮಗಳ ಕುಬಸಕ್ಕೆ ಮಾತ್ರ ಅವಳು ಮಷೀನು ಮುಟ್ಟಲಿಲ್ಲ, ಪೂರಾ ಕೈಯಲ್ಲೇ ಹೊಲಿದಳು. ಏಳು ತಿಂಗಳ ಬಸುರಿಗೆ ಬಿಗಿಯಾಗಬಾರದೆಂದು ಎರಡೂ ಬದಿಗೆ ಬಿಚ್ಚಿಕೊಳ್ಳಲು ನಾಲ್ಕು ಬೆರಳು ಬಟ್ಟೆ ಮಡಿಚಿ ಬಿಟ್ಟಿದ್ದಳು. ನಮ್ಮ ಕಡೆ ತವರಿನವರು ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ರವಿಕೆ ತೊಡಿಸಿ ಉಡಿ ತುಂಬುತ್ತಾರೆ. ರವಿಕೆಗೂ ಕುಬಸ ಎನ್ನುತ್ತೇವೆ, ಆ ಕಾರ್ಯಕ್ಕೂ ಕುಬಸವೇ ಹೆಸರು. ರವಿಕೆ ಹೊಲಿದ ಕೈ ಮಾತ್ರ ಉಡಿಗೆ ಅಕ್ಕಿ ಹಾಕಬಾರದಂತೆ. ಯಾಕೆಂದರೆ ಅಕ್ಕನ ಗಂಡ ತೀರಿಹೋಗಿ ಹನ್ನೆರಡು ವರ್ಷವಾಯಿತು.

ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ಬರೆಯುತ್ತಲೂ ಇಲ್ಲ.

ಮಗಳನ್ನು ಕೊಟ್ಟದ್ದು ದುಂಡಸಿಗೆ. ಹಾನಗಲ್ಲಿನ ನಮ್ಮ ಮನೆಯಿಂದ ಟೆಂಪೊ ಮಾಡಿಕೊಂಡು ಹೋದೆವು. ಸವಣೂರಿನ ಎಲೆ, ಉತ್ತತ್ತಿ, ಕೊಬ್ಬರಿ ಬಟ್ಟಲು ತುಂಬಿದ ಬುಟ್ಟಿಯನ್ನು ಅಕ್ಕ ದಾರಿಯುದ್ದಕ್ಕೂ ತೊಡೆಯ ಮೇಲಿಂದ ಇಳಿಸಲಿಲ್ಲ.

ಬೀಗರ ಅಂಗಳದಲ್ಲಿ ಬಲೂನಿನ ಕಮಾನು, ಪ್ಲಾಸ್ಟಿಕ್ ಹೂವಿನ ಜೋಕಾಲಿ, ಸಕ್ಕರೆಯಲ್ಲಿ ಕೂಸಿನ ಪಾದ ಮಾಡಿ ಕೂರಿಸಿದ ಕೇಕು. ಫೋಟೋದವನು ಬಿಡುವು ಕೊಡುತ್ತಿರಲಿಲ್ಲ. "ಮೇಡಂ, ಹೊಟ್ಟಿ ಮ್ಯಾಲೆ ಕೈ ಇಡ್ರಿ. ಸಾಹೇಬ್ರ, ನೀವು ಮಣಕಾಲೂರಿ ಹೊಟ್ಟಿಗೆ ಒಂದು ಮುತ್ತ ಕೊಡ್ರಿ." ಅಳಿಯ ಹಿರಿಯರ ಎದುರಿಗೇ ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ನನ್ನ ಬೀಗತಿ. ನನ್ನ ಕುಬಸದ ದಿನ ನನ್ನ ಗಂಡ ನಮ್ಮ ಓಣಿಯಲ್ಲೇ ಇರಲಿಲ್ಲ. ಇರಲಿ, ಹೊಸದು ಬಂದರೆ ನನ್ನದೇನೂ ತಕರಾರಿಲ್ಲ. ಕೇಕು ತಿಂದೆ, ರುಚಿಯಾಗಿಯೇ ಇತ್ತು.

ಉಡಿ ತುಂಬಲು ಐದು ಮಂದಿ ಮುತ್ತೈದೆಯರು ಬೇಕು. ನಾಲ್ವರು ಸಾಲಾಗಿ ನಿಂತಿದ್ದರು. ಐದನೆಯವಳು, ಬೀಗತಿಯ ತಂಗಿ, ಶಿಗ್ಗಾವಿಯಲ್ಲಿ ಬಸ್ಸು ತಪ್ಪಿಸಿಕೊಂಡಿದ್ದಳು.

"ನಮ್ಮ ಅಕ್ಕ ಅದಾಳಲ್ರಿ," ಎಂದೆ.

ಬೀಗತಿ ನನ್ನನ್ನು ಬದಿಗೆ ಎಳೆದಳು. "ಅಲ್ರೀ ಬೀಗತ್ಯಾರ, ನಿಮಗ ಗೊತ್ತಿಲ್ಲದ್ದು ಏನೈತಿ? ಚೊಚ್ಚಲ ಬಸರು. ನಾ ಮಾಡಿದ ಪದ್ಧತಿ ಅಲ್ಲ ಇದು, ಹಿಂದಿನಿಂದ ನಡಕೊಂಡು ಬಂದೈತಿ."

"ಕೇಕೂ ಹಿಂದಿನಿಂದ ನಡಕೊಂಡು ಬಂದೈತೇನ್ರಿ?"

"ಭಾಳ ಚಾಷ್ಟಿ ಮಾಡ್ತೀರಿ ನೀವು," ಎಂದು ನಕ್ಕವಳೇ ಎದುರು ಮನೆಗೆ ಕೂಗು ಹಾಕಿದಳು.

ಎದುರು ಮನೆಯಾಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಅವಳ ಗಂಡ ಬೇರೊಬ್ಬಳ ಜೊತೆ ಸಂಸಾರ ಹೂಡಿ ವರ್ಷಗಳೇ ಆದವು ಎಂದು ಸಾಲಿನಲ್ಲಿ ನಿಂತವರೇ ಪಿಸುಗುಟ್ಟಿದರು. ಪಾಪ, ಅದು ಅವಳ ತಪ್ಪಲ್ಲ. ಆದರೆ ಜೋಕಾಲಿಯ ಬಳಿ ನನ್ನ ಮಗಳೂ ಬೀಗತಿಯ ಮಗಳೂ ಹಸಿರುಟ್ಟು ಕೂತಿದ್ದರಲ್ಲ, ಇಬ್ಬರನ್ನೂ ನೋಡಿ ಕೇಳಿದಳು, "ಇವರೊಳಗ ಯಾರಿಗ್ರಿ ಉಡಿ ತುಂಬೋದು?"

ಬಿಟ್ಟುಹೋದ ಗಂಡ ಎಲ್ಲೋ ಉಸಿರಾಡುತ್ತಿದ್ದಾನೆ ಎಂಬ ಕಾರಣಕ್ಕೆ ಅವಳ ಕೈ ಶುಭ. ಮೂತ್ರಪಿಂಡ ಕೆಟ್ಟ ಗಂಡನನ್ನು ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಕರೆದೊಯ್ದು, ಕೊನೆಯ ಉಸಿರಿನವರೆಗೂ ತಲೆ ಹಿಡಿದು ಕೂತ ಅಕ್ಕನ ಕೈ ಅಶುಭ. ನನಗೆ ಕಾಮಾಲೆಯಾಗಿ ಏಳಲಾರದಂತಾದಾಗ ಹಾಲು ಬಿಡದ ಕೂಸಾಗಿದ್ದ ಇದೇ ಮಗಳನ್ನು ಎರಡು ವರ್ಷ ಸಾಕಿದ್ದೂ ಅದೇ ಕೈ.

ನಾನು ಪೂಜೆಯಿಲ್ಲದೆ ನೀರು ಮುಟ್ಟುವವಳಲ್ಲ. ಲಿಂಗ ಕಟ್ಟಿದ ಮೈಗೆ ಸೂತಕವಿಲ್ಲ ಎಂದು ಕೇಳಿಯೇ ಬೆಳೆದವಳು. ನನ್ನ ಕೊರಳಲ್ಲಿರುವ ಲಿಂಗವೇ ಬೀಗತಿಯ ಕೊರಳಲ್ಲೂ ಅಕ್ಕನ ಕೊರಳಲ್ಲೂ ಇದೆ. ಅಜ್ಜಿ ಹೇಳುತ್ತಿದ್ದಳು, ಅವರ ಕಾಲದಲ್ಲಿ ಗಂಡ ಸತ್ತ ಎಳೆಯ ಹೆಂಗಸಿಗೆ ಉಡಕಿ ಮಾಡಿ, ಅಂದರೆ ಮತ್ತೊಬ್ಬನಿಗೆ ಕೊಟ್ಟು, ಮನೆ ಸೇರಿಸುತ್ತಿದ್ದರಂತೆ. ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ದೊಡ್ಡ ಮನೆತನದವರಾಗಲು ಅದನ್ನು ನಾವೇ ಕೈಬಿಟ್ಟೆವು. ಈಗ ಹಿಂದಿನಿಂದ ಬಂದದ್ದು ಎನ್ನುತ್ತೇವೆ. ಎಷ್ಟು ಹಿಂದಿನಿಂದ? ನಮಗೆ ಬೇಕಾದಷ್ಟೇ ಹಿಂದಿನಿಂದ. ಬಲೂನಿಗೆ ಅಡ್ಡ ಬಾರದ ಪದ್ಧತಿ ಒಬ್ಬ ಹೆಂಗಸಿನ ಬೊಗಸೆಗೆ ಅಡ್ಡ ಬರುತ್ತದೆ.

ಬೀಗತಿಯನ್ನು ಬೈಯುತ್ತಿರುವ ನಾನೂ ಸಾಚಾ ಅಲ್ಲ. ಎರಡು ವರ್ಷದ ಹಿಂದೆ ಮಗಳ ಮದುವೆಯಲ್ಲಿ, ನನ್ನದೇ ಮನೆಯಲ್ಲಿ, ಅರಿಷಿಣ ಹಚ್ಚುವಾಗ ನನ್ನ ಗಂಡನ ಸೋದರತ್ತೆ ಅಕ್ಕನ ಕಡೆ ಒಂದು ನಮೂನೆ ನೋಡಿದಳು. ಅಷ್ಟಕ್ಕೇ ನಾನು, "ಅಕ್ಕ, ಒಳಗ ಹೋಳಿಗಿ ಕಡೆ ಸ್ವಲ್ಪ ನೋಡ್ತೀಯೇನ?" ಎಂದಿದ್ದೆ. ಅಕ್ಕ ಎದ್ದು ಹೋಗಿದ್ದಳು. ದುಂಡಸಿಯಲ್ಲಿ ಯಾರೂ ಹೇಳಬೇಕಾಗಲಿಲ್ಲ. ತಾನಾಗಿಯೇ ಅಡುಗೆಮನೆ ಸೇರಿ ಹೋಳಿಗೆ ಲಟ್ಟಿಸುತ್ತಿದ್ದಳು.

ಐವರೂ ಉಡಿ ತುಂಬಿದರು. ಮಗಳು ತುಂಬಿದ ಸೆರಗು ಹಿಡಿದು ಎದ್ದವಳು ಫೋಟೋದವನ ಕಡೆ ಹೋಗದೆ ನೇರ ಅಡುಗೆಮನೆಗೆ ನಡೆದಳು. ನಾನು ಅಕ್ಕಿಯ ಪರಾತ ಎತ್ತಿಕೊಂಡು ಹಿಂದೆಯೇ ಹೋದೆ.

"ದೊಡ್ಡವ್ವ, ನೀ ಹಾಕು."

ಅಕ್ಕ ಹಿಟ್ಟಿನ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡಳು. "ಹುಚ್ಚಿ, ಹೊರಗ ನಡಿ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ನನ್ನ ತಲಿಗೆ ಬರ್ತೈತಿ."

"ನೀ ಹಾಕೋತನಾ ನಾ ಏಳಂಗಿಲ್ಲ." ಮಗಳು ಅಲ್ಲೇ ಮಣೆಯ ಮೇಲೆ ಕೂತುಬಿಟ್ಟಳು. "ಸೊಂಟ ನೋಯಾಕತ್ತೈತಿ, ಲಗೂ ಹಾಕು."

ಅಕ್ಕ ಕೈ ತೊಳೆದಳು. ಒಂದೊಂದು ಬೊಗಸೆ ಹಾಕುವಾಗಲೂ ಬಾಗಿಲ ಕಡೆ ನೋಡುತ್ತಿದ್ದಳು, ಕಳ್ಳತನ ಮಾಡುವವಳ ಹಾಗೆ. ನಾಲ್ಕನೆಯದಕ್ಕೆ ಬೀಗತಿ ಬಂದು ನಿಂತಳು. ನನ್ನನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಎಲಿ ಹಾಕ್ಯಾರ, ಊಟಕ್ಕ ಬರ್ರಿ," ಎಂದಷ್ಟೇ ಹೇಳಿ ಹೋದಳು. ಐದನೆಯ ಬೊಗಸೆ ಅರ್ಧ ಉಡಿಗೆ, ಅರ್ಧ ನೆಲಕ್ಕೆ ಬಿತ್ತು.

ದೇವರು ಕೊಟ್ಟ ಸಣ್ಣಸಣ್ಣ ಒಳಿತುಗಳನ್ನು ಎಣಿಸುವುದು ನನ್ನ ರೂಢಿ. ವಾಪಸು ಬರುವಾಗ ಟೆಂಪೊದಲ್ಲಿ ಎಣಿಸಿದೆ. ಮಗಳು ಎದ್ದು ಹೋದಳು, ಒಂದು. ಬೀಗತಿ ತಡೆಯಲಿಲ್ಲ, ಎರಡು. ಮೂರನೆಯದಕ್ಕೆ ಬರುವಷ್ಟರಲ್ಲಿ ಅಕ್ಕ ಹೇಳಿದಳು, "ಇವತ್ತಿಂದ ಹೆರಿಗಿ ಆಗೋತನಾ ನಾ ಒಪ್ಪತ್ತು ಉಣ್ತೇನಿ."

"ಯಾಕ?"

"ನಾ ಉಡಿ ತುಂಬೇನಲ್ಲ, ಅದಕ."

ಎಣಿಕೆ ಅಲ್ಲಿಗೇ ನಿಂತಿತು. ಅಕ್ಕನ ಕೈ ಹಿಡಿದು ಅಕ್ಕಿ ಹಾಕಿಸಬಹುದು, ಅವಳೊಳಗೆ ಕೂತ ಈ ಅಂಜಿಕೆಯನ್ನು ಹೇಗೆ ಕೀಳಲಿ? ಅದನ್ನು ಬಿತ್ತಿದವರಲ್ಲಿ ನಾನೂ ಒಬ್ಬಳು.

"ತೊಟ್ಟಲದಾಗ ಕೂಸನ್ನ ಮೊದಲ ಹಾಕಾಕಿ ನೀನಾ," ಎಂದೆ. "ಅದು ನಮ್ಮ ಮನ್ಯಾಗ ಆಗೋದು. ಅಲ್ಲಿ ಯಾರನ್ನೂ ಕೇಳೋದಿಲ್ಲ."

"ನಿಮ್ಮ ಸೋದರತ್ತಿ ಬರ್ತಾರಲ್ಲ."

"ಬರ್ಲಿ. ಹೋಳಿಗಿ ಕಡೆ ನೋಡಾಕ ಒಬ್ರು ಬೇಕಲ್ಲ."

ಅಕ್ಕ ನಗಲಿಲ್ಲ. ಖಾಲಿ ಬುಟ್ಟಿಯನ್ನು ತೊಡೆಯ ಮೇಲೆ ತಿರುಗಿಸುತ್ತಿದ್ದವಳು ಹಾನಗಲ್ಲು ಹತ್ತಿರ ಬಂದಾಗ ಕೇಳಿದಳು, "ಕೂಸಿನ ತಲಿಗೆ ಕುಲಾವಿ ಹೊಲ್ಯಾಕ ಯಾವ ಬಣ್ಣದ ಬಟ್ಟಿ ತರ್ಲಿ?"