ಸೀರೆಯುಟ್ಟು ಒದೆಯಲಾಗಲಿಲ್ಲ

1985ರಲ್ಲಿ ನಾನು ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿ ಶಾಲೆಗೆ ಶಿಕ್ಷಕಿಯಾಗಿ ಸೇರಿದೆ. ಮಧುಗಿರಿಯಿಂದ ಬಸ್ಸಿನಲ್ಲಿ ಹೋಗಿ, ಇಳಿದ ಮೇಲೆ ಹುಣಸೆ ತೋಪು ದಾಟಿ ಮೈಲಿಯಷ್ಟು ಒಬ್ಬಳೇ ನಡೆಯಬೇಕಿತ್ತು. ಅದಕ್ಕೆ ಹೆದರಿ, ಮಧುಗಿರಿಯಲ್ಲಿ ಹೊಸದಾಗಿ ಶುರುವಾಗಿದ್ದ ಭಾನುವಾರದ ಕರಾಟೆ ತರಗತಿಗೆ ಸೇರಿಕೊಂಡೆ.

ಗರಡಿಯಲ್ಲಿ ಪಳಗಿದ್ದ ನನ್ನ ಸೋದರಮಾವನಿಗೆ ಇದು ಹಿಡಿಸಲಿಲ್ಲ. "ಗಾಳಿಗೆ ಒದ್ರೆ ಏನ್ ಬಂತಮ್ಮಾ? ಯಾವನಾದ್ರೂ ಮೊದ್ಲು ಹಿಡ್ಕಂತಾನೆ. ಬಿಡಿಸ್ಕಳಾದು ಕಲ್ತ್ಕ" ಎಂದು ನನ್ನ ಮಣಿಕಟ್ಟು ಹಿಡಿದು, ಹಿಡಿದವನ ಹೆಬ್ಬೆಟ್ಟಿನ ಕಡೆಗೆ ತಿರುಗಿಸಿ ಎಳೆಯುವುದನ್ನು ತೋರಿಸಿದರು. ಕರಾಟೆ ಮೇಷ್ಟ್ರು ಅದನ್ನು ಕೇಳಿ ನಕ್ಕರು. "ಕುಸ್ತಿ ಅಖಾಡದೊಳಗೆ ಸರಿ. ನೀವು ಜೋರಾಗಿ ಕಿರುಚಿ ಒದೀರಿ, ಸಾಕು."

ಒಂದು ಸಂಜೆ ಶಾಲೆ ಮುಗಿಸಿ ತೋಪಿನಲ್ಲಿ ಬರುತ್ತಿದ್ದೆ. ಅಪರಿಚಿತನೊಬ್ಬ ಎದುರು ಬಂದು "ಟೈಮೆಷ್ಟು ಮೇಡಂ?" ಎಂದ. ವಾಚು ನೋಡಲು ಕೈಯೆತ್ತಿದೆ. ಅದೇ ಕೈಯನ್ನು ಗಪ್ಪನೆ ಹಿಡಿದುಕೊಂಡ.

ಒದೆಯಲು ಕಾಲೆತ್ತಿದೆ. ನೆರಿಗೆ ತೊಡರಿ ಮಂಡಿಯೂರಿ ಬಿದ್ದೆ. ಕರಾಟೆ ತರಗತಿಯಲ್ಲಿ ನಾವೆಲ್ಲ ಪೈಜಾಮ ಹಾಕುತ್ತಿದ್ದೆವು! ಮಾವ ಹೇಳಿದಂತೆ ಕೈ ತಿರುಗಿಸಿದೆ, ಬಿಡಲಿಲ್ಲ. ಮತ್ತೆ ಮೈಭಾರವನ್ನೆಲ್ಲ ಹಾಕಿ ಎಳೆದೆ. ಬಳೆ ಒಡೆದು, ಚರ್ಮ ಕಿತ್ತು ಕೈ ಬಂತು. ಅವನು ಸೆರಗಿಗೆ ಕೈಹಾಕಿದ. ಆಗ ಹೊಟ್ಟೆಯೊಳಗಿಂದ ಕಿರುಚಿದೆ.

"ಯಾವನ್ಲಾ ಅವ್ನು?"

ತೋಪಿನಾಚೆ ಕುರಿ ಮೇಯಿಸುತ್ತಿದ್ದ ಹೆಂಗಸು ಕೋಲು ಹಿಡಿದು ಓಡಿಬಂದಳು. ಅವಳ ನಾಯಿಗಳು ಅವಳಿಗಿಂತ ಮುಂದಿದ್ದವು. ಅವನು ಬೇಲಿ ಹಾರಿ ಓಡಿದ. ಅವಳು ನನ್ನ ಸೆರಗು ಸರಿಮಾಡಿ, "ನೀನ್ ಕೂಗ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಕಣವ್ವಾ" ಎಂದಳು. ಕುರಿಗಳನ್ನು ಹಾಗೇ ಬಿಟ್ಟು ರಸ್ತೆಯವರೆಗೆ ಬಂದು, ಬಸ್ಸು ಬರುವವರೆಗೂ ಜೊತೆಯಲ್ಲಿ ನಿಂತಳು.

ಮನೆಯಲ್ಲಿ ಮಾವ ನನ್ನ ಕೈ ನೋಡಿದರು. ಗರಡಿಯ ಪಟ್ಟೇ ಕೈ ಬಿಡಿಸಿದ್ದು ಎಂದು ಬೀಗುತ್ತಾರೇನೋ ಅಂದುಕೊಂಡೆ. ಅವರು ಕೂರಲಾರದೆ ಒಳಗೂ ಹೊರಗೂ ತಿರುಗಾಡಿದರು. "ಇಬ್ರು ಬಂದಿದ್ರೆ?" ಎಂದರು. "ಕೈಯಾಗೆ ಮಚ್ಚಿದ್ದಿದ್ರೆ?" ಭಾನುವಾರ ಕರಾಟೆ ಮೇಷ್ಟ್ರಿಗೆ ನೆರಿಗೆ ತೊಡರಿ ಬಿದ್ದದ್ದನ್ನು ಹೇಳಿದೆ. ಅವರು ತರಗತಿಯವರನ್ನೆಲ್ಲ ಹತ್ತಿರ ಕರೆದು, "ಇನ್ಮೇಲೆ ಎಲ್ಲರೂ ಸೀರೆ, ಲಂಗದಲ್ಲೇ ಬನ್ನಿ" ಎಂದರು.

ಅವನಿಗೆ ಬೇಕಾಗಿದ್ದದ್ದು ವಾಚೋ ನಾನೋ, ಇಂದಿಗೂ ತಿಳಿಯದು. ಗೆದ್ದೆ ಅಂತ ನನಗೆ ಯಾವತ್ತೂ ಅನಿಸಿಲ್ಲ. ತಪ್ಪಿಸಿಕೊಂಡೆ, ಅಷ್ಟೇ. ಅದಾದ ಮರುದಿನವೇ ಮತ್ತೆ ಅದೇ ತೋಪಿನಲ್ಲಿ ನಡೆದೆ. ಶಾಲೆಗೆ ಬೇರೆ ದಾರಿ ಇರಲಿಲ್ಲ.