ಕಾವಿನ ಮೊಟ್ಟೆ

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ನಮ್ಮ ಶಾಲೆಗೆ ಪ್ರಯೋಗದ ಸಾಮಾನು ಬರುವುದು ಕನಸಿನ ಮಾತು. ಹಾಗಾಗಿ ವಿಜ್ಞಾನದ ಮೇಷ್ಟ್ರು ಒಂದು ದಿನ, "ಮೊಟ್ಟೆಯನ್ನು ಮಹಡಿಯಿಂದ ಕೆಳಗೆ ಬಿಡಬೇಕು, ಒಡೆಯಬಾರದು. ಹೇಗೆ ಅಂತ ನೀವೇ ಯೋಚಿಸಿ, ಮೊಟ್ಟೆಯನ್ನೂ ನೀವೇ ತನ್ನಿ" ಅಂದುಬಿಟ್ಟರು.

ನಾನು ಅರ್ಚಕರ ಮಗಳು. ಮೊಟ್ಟೆ ತರುವುದಿರಲಿ, ಅಡುಗೆಮನೆಯಲ್ಲಿ ಅದರ ಹೆಸರೆತ್ತಿದರೂ ಅಮ್ಮ ಸುಮ್ಮನಿರುತ್ತಿರಲಿಲ್ಲ. ನನ್ನ ಪೆಚ್ಚುಮೋರೆ ನೋಡಿ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ, ಗೌಡರ ಮನೆಯ ಹುಡುಗಿ, "ನಾನು ತರ್ತೇನೆ. ಕಟ್ಟುದು ಹೇಗೆ ಅಂತ ನೀನು ನೋಡು" ಅಂದಳು. ಅವಳ ಮನೆಯಲ್ಲಿದ್ದ ಮೊಟ್ಟೆಗಳೆಲ್ಲ ಕಾವಿಗೆ ಕೂತ ಹೇಂಟೆಯ ಕೆಳಗಿದ್ದವು. ಅಜ್ಜಿಗೆ ಹೇಳದೆ ಒಂದನ್ನು ಎತ್ತಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ ತಂದಳು. "ಒಳಗೆ ಮರಿ ಉಂಟು. ಸಂಜೆ ಇದು ವಾಪಸ್ ಗೂಡಿಗೆ ಹೋಗಬೇಕು" ಅಂದಳು.

ತರಗತಿ ಸಂತೆಯಾಯಿತು. ಕಾಫಿ ಹೊಟ್ಟಿನಲ್ಲಿ ಹೂತರೆ ಸಾಕೆಂದು ಒಬ್ಬ. ಕೊಡೆಗೆ ಕಟ್ಟಿ ತೇಲಿಬಿಡೋಣವೆಂದು ಇನ್ನೊಬ್ಬ. "ನಿನ್ನ ಅಪ್ಪ ಮಳೆಗೆ ಎಂತ ಹಿಡಿಯುದು?" ಎಂದು ಹಿಂದಿನ ಬೆಂಚಿನವರು ಅವನ ಕಾಲೆಳೆದರು. ನನಗೆ ಹೊಳೆದದ್ದು ನಮ್ಮ ಮನೆಯ ನೆಲುವು. ಮೊಸರಿನ ಗಡಿಗೆಯನ್ನು ಅದರಲ್ಲೇ ತೂಗುಹಾಕುತ್ತಿದ್ದುದು. ಮೊಟ್ಟೆಯನ್ನು ಹಾಗೆಯೇ ಬಾಳೆನಾರಿನಲ್ಲಿ ಕಟ್ಟಿ ಬುಟ್ಟಿಯ ನಡುವೆ ತೂಗಿಸಿ, ಸುತ್ತ ಒಣಹುಲ್ಲು ತುಂಬಿದೆ. ಕೊಡೆ ಗಾಳಿಗೆ ಮಗುಚಿತು, ಹೊಟ್ಟು ಚೆಲ್ಲಾಪಿಲ್ಲಿಯಾಯಿತು. ನಮ್ಮ ಬುಟ್ಟಿ ದೊಪ್ಪೆಂದು ಬಿತ್ತು. ಮೊಟ್ಟೆಗೆ ಒಂದು ಗೀರೂ ಇಲ್ಲ. ಮೇಷ್ಟ್ರು ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ.

ಎರವಲು ತಂದದ್ದನ್ನು ತೊಳೆಯದೆ ಹಿಂದಿರುಗಿಸುವುದು ನಮ್ಮ ಮನೆಯಲ್ಲಿ ಮರ್ಯಾದೆಗೇಡು. ಸಂಜೆ ಗೆಳತಿ ಪುಸ್ತಕ ಜೋಡಿಸುತ್ತಿದ್ದಾಗ ನಾನು ಬಾವಿಕಟ್ಟೆಗೆ ಹೋಗಿ ಮೊಟ್ಟೆಯನ್ನು ಬೂದಿ ಹಾಕಿ ಉಜ್ಜಿ, ತಣ್ಣೀರಿನಲ್ಲಿ ತೊಳೆದೆ. ಬೆಳ್ಳಗಾದದ್ದನ್ನು ಹೆಮ್ಮೆಯಿಂದ ಅವಳ ಕೈಗಿಟ್ಟೆ. ಅವಳ ಮುಖ ಸಪ್ಪಗಾಯಿತು. ಅದನ್ನು ಲಂಗದ ಮಡಿಲಲ್ಲಿಟ್ಟುಕೊಂಡು ಮನೆಗೆ ಓಡಿದಳು.

ಮರಿಗಳಾದ ಮೇಲೆ ನೋಡಲು ಹೋದೆ. ಅಂಗಳದಲ್ಲಿ ಏಳು ಮರಿಗಳು ಓಡಾಡುತ್ತಿದ್ದವು. ಅಜ್ಜಿಯ ಕೈಯಲ್ಲಿ ಒಡೆಯದೆ ಉಳಿದ ಮೊಟ್ಟೆಯೊಂದಿತ್ತು.

"ಇದೊಂದು ಬೆಳ್ಳಗೆ ಉಂಟು. ಕಾವಿನ ಮೊಟ್ಟೆಗೆ ನೀರು ಮುಟ್ಟಿಸಿದ್ದು ಯಾರು?" ಎಂದರು ಅಜ್ಜಿ.

"ನಾನು" ಅಂದಳು ಗೆಳತಿ, ನನ್ನ ಕಡೆ ನೋಡದೆ.

"ನೀರು ಮುಟ್ಟಿದರೆ ಮರಿ ಉಳಿಯುದಿಲ್ಲ ಅಂತ ಗೊತ್ತಿದ್ದೂ ಒಂದು ಜೀವ ತೆಗೆದೆಯಲ್ಲ" ಎಂದು ಅಜ್ಜಿ ಅವಳ ಬೆನ್ನಿಗೆ ಬಿಗಿದರು. "ಅಲ್ಲ, ತೊಳೆದದ್ದು ನಾನು" ಅಂತ ನಾನು ಅನ್ನಬೇಕಿತ್ತು. ಮೊಟ್ಟೆ ಮುಟ್ಟಿದ ಸುದ್ದಿ ಅಪ್ಪನ ಕಿವಿಗೆ ಬಿದ್ದರೆ ಎಂಬ ಭಯಕ್ಕೆ ನಾಲಿಗೆ ಹೊರಳಲಿಲ್ಲ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಅಜ್ಜಿ ಒಳಗಿನಿಂದ ಬಾಳೆಹಣ್ಣು ತಂದು ನನ್ನ ಕೈಗೆ ಕೊಟ್ಟರು. "ನೀನು ತಿನ್ನು ಮಗ. ಇವಳ ಹಾಗೆ ಆಗಬೇಡ" ಅಂದರು.

ಗೆಳತಿಯ ಎದುರಿಗೇ ನಾನು ಅದನ್ನು ಪೂರ್ತಿ ತಿಂದೆ.