ತಾತನ ರಕ್ತ ಮತ್ತು ಕ್ರೇಟಿನ ತಳ

ನನ್ನ ತಾತನ ತೋಳಿನಿಂದ ಒಂದು ಟ್ಯೂಬಿನಷ್ಟು ರಕ್ತ ತೆಗೆದು, ಅವರು ಯಾವ ಔಷಧ ತಿನ್ನುತ್ತಾರೆಂದು ಬಾಯಿಬಿಟ್ಟು ಕೇಳದೆ, ಅವರ ಮುಂದಿನ ವರ್ಷವನ್ನು ಮೊಬೈಲ್ ಸಂದೇಶದಲ್ಲಿ ತೀರ್ಮಾನಿಸಿ ನಾಪತ್ತೆಯಾದ ಆರೋಗ್ಯ ಶಿಬಿರದವರು ಹೊಣೆಗೇಡಿಗಳು. ಇದಕ್ಕಿಂತ ಮೃದುವಾದ ಪದವನ್ನು ನಾನು ಕಾನೂನು ಓದಿದ ವಿಶ್ವವಿದ್ಯಾಲಯದಲ್ಲಿ ನನಗೆ ಯಾರೂ ಕಲಿಸಲಿಲ್ಲ. ತಾತ ಬದುಕಿದ್ದಾರೆ. ನಾನು ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಉಪ್ಪಿನಕಾಯಿಯ ಉಪ್ಪಿನ ವಿಚಾರಕ್ಕೆ ಅಜ್ಜಿಯೊಡನೆ ಜಗಳವಾಡುತ್ತಿದ್ದಾರೆ. ಆದರೆ ಅವರು ಬದುಕಿದ್ದಾರೆ ಎಂಬುದರಿಂದ ಆದ ತಪ್ಪು ಸಣ್ಣದಾಗುವುದಿಲ್ಲ.

ತಾತ ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಹರಾಜು ಕೂಗುವವರು. ಗೌನಿಪಲ್ಲಿ ಕಡೆಯ ತೋಟಗಳಿಂದ ಟೆಂಪೋಗಳಲ್ಲಿ ಬಂದಿಳಿಯುವ ಹಣ್ಣು ಅವರ ಬಾಯಿಂದ ಹೊರಬಿದ್ದ ಮೇಲೆಯೇ ಮಾಲು ಎನಿಸಿಕೊಳ್ಳುತ್ತಿತ್ತು. ಒಂದು ಕಾಲದಲ್ಲಿ ತಳಿಗಳ ಹೆಸರು ಕೂಗುತ್ತ ಬಾದಾಮಿಯಿಂದ ಬೇನಿಷಾ, ಬೇನಿಷಾದಿಂದ ತೋತಾಪುರಿಯವರೆಗೆ ಒಂದೇ ಉಸಿರಿನಲ್ಲಿ ಹೋಗಿಬರುತ್ತಿದ್ದರಂತೆ. ಮಂಡಿಯ ಹುಲ್ಲಿನ ಧೂಳು, ಅದರ ಮೇಲೆ ದಶಕಗಳ ಬೀಡಿ. ಬೀಡಿಯನ್ನು ಅವರು ಬಿಟ್ಟರು. ಶ್ವಾಸಕೋಶ ಅದನ್ನು ಮರೆಯಲಿಲ್ಲ. ಸಿಒಪಿಡಿ ಎಂಬ ನಾಲ್ಕಕ್ಷರದ ಕಾಯಿಲೆ ಬಂದು ಕೂತಿತು. ಈಚೆಗೆ ಅವರು ಬಾದಾಮಿ ಎಂದು ಶುರುಮಾಡಿ, ಕಂಬ ಹಿಡಿದು ನಿಂತು, ಸುಧಾರಿಸಿಕೊಂಡು ತೋತಾಪುರಿಗೆ ಬರುವಷ್ಟರಲ್ಲಿ ಖರೀದಿದಾರರು ಟೀ ಕುಡಿದು ಮುಗಿಸಿರುತ್ತಿದ್ದರು. ಬರುವ ಸುಗ್ಗಿಯಲ್ಲಿ ತಾತ ಕೂಗಬಲ್ಲರೋ ಇಲ್ಲವೋ ಎಂಬುದೊಂದೇ ನಮ್ಮ ಮನೆಯ ಪ್ರಶ್ನೆಯಾಗಿತ್ತು.

ಅಂಥ ಹೊತ್ತಿನಲ್ಲಿ, ಹಣ್ಣು ಬರುವುದಕ್ಕೆ ಮೊದಲೇ, ಖಾಲಿ ಬಿದ್ದಿದ್ದ ಮಂಡಿಯ ಅಂಗಳದಲ್ಲಿ ಶಾಮಿಯಾನ ಎದ್ದಿತು. ರಕ್ತದ ಕೆಲವು ಗುರುತುಗಳನ್ನು ನೋಡಿ, ಉಸಿರಿನ ಕಾಯಿಲೆ ಯಾರಿಗೆ ಮುಂದೆ ಉಲ್ಬಣಿಸುತ್ತದೆಂದು ಮೊದಲೇ ತಿಳಿಸುತ್ತಾರಂತೆ. ಬ್ಯಾನರನ್ನು ನಾನೇ ಓದಿ ಹೇಳಿದೆ.

“ಅಂದ್ರೆ ಗಿಣಿಶಾಸ್ತ್ರ. ಗಿಣಿ ಒಂದು ಇಲ್ಲ ಅಷ್ಟೇ,” ಎಂದರು ತಾತ.

“ಇದು ವಿಜ್ಞಾನ ತಾತ.”

“ಆಯ್ತು ಕಣಮ್ಮಾ. ಗಿಣಿ ಆದ್ರೂ ಒಳ್ಳೇ ಕಾರ್ಡೇ ಎತ್ಲಿ ಅಂತ ನಾವೂ ಒಂಚೂರು ರೆಡಿ ಆಗ್ಬೇಕು.”

ಈ ರೆಡಿಯಾಗುವುದು ಏನೆಂದು ತಿಳಿಯಬೇಕಾದರೆ ಮಾವಿನ ಕ್ರೇಟು ತುಂಬುವ ಕ್ರಮ ತಿಳಿದಿರಬೇಕು. ನಮ್ಮ ಕಡೆ ಯಾರೂ ಕ್ರೇಟನ್ನು ಸುಮ್ಮನೆ ತುಂಬುವುದಿಲ್ಲ. ಮಚ್ಚೆಯದು, ಪೆಟ್ಟು ತಿಂದದ್ದು, ಗಿಡ್ಡದ್ದು ತಳಕ್ಕೆ. ಮೇಲಿನ ಸಾಲಿಗೆ ಮಾತ್ರ ಮದುವೆಗೆ ಹೊರಟಂಥ ಹಣ್ಣು, ಕೆಂಪಗಿನ ಕೆನ್ನೆ ಹೊರಗೆ ಕಾಣುವಂತೆ. ಇದನ್ನು ಮೋಸವೆಂದು ಯಾರೂ ಕರೆಯುವುದಿಲ್ಲ. ಏಕೆಂದರೆ ಅನುಭವವಿರುವ ಪ್ರತಿಯೊಬ್ಬ ಖರೀದಿದಾರನೂ ಮೊಣಕೈವರೆಗೆ ಕೈಯಿಳಿಸಿ ತಳದ ಹಣ್ಣನ್ನು ಹೊರತೆಗೆದೇ ಬೆಲೆ ಕೂಗುತ್ತಾನೆ. ಜೋಡಿಸುವವನಿಗೆ ತನ್ನ ಧರ್ಮ, ಕೈ ಹಾಕುವವನಿಗೆ ತನ್ನದು.

ತಾತ ತಮ್ಮ ರಕ್ತಕ್ಕೂ ಇದೇ ಕ್ರಮ ಅನ್ವಯಿಸಿದರು. ನಮಗೆ ಆಮೇಲೆ ಪೂರ್ತಿಯಾಗಿ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ನಂಗಲಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವ ಕಡೆಯ ಪೆಟ್ಟಿಗೆ ಅಂಗಡಿಯೊಂದರಿಂದ ಅವರು ಬಹಳ ಕಾಲದಿಂದ ದಮ್ಮಿನ ಪುಡಿ ತರಿಸಿಕೊಂಡು ತಿನ್ನುತ್ತಿದ್ದರು. ಮುಳಬಾಗಿಲಿನ ಕಡೆಯಿಂದ ಖಾಲಿ ಲಾರಿ ತರುವ ಚಾಲಕರು ಅದನ್ನು ಪ್ರಸಾದದಂತೆ ಕೈಗಿಡುತ್ತಿದ್ದರು. ನೆಕ್ಕಿದ ಸ್ವಲ್ಪ ಹೊತ್ತಿಗೆ ಎದೆ ಹಗುರ. ಶಿಬಿರದ ದಿನ ರಕ್ತ ಮೇಲುನೋಟಕ್ಕೆ ಚೆನ್ನಾಗಿ ಕಾಣಲೆಂದು, ತಲೆಗೆ ಸ್ನಾನ ಮಾಡಿ, ಇಸ್ತ್ರಿ ಪಂಚೆ ಉಟ್ಟು, ಎಂದಿನ ಒಂದು ಪೊಟ್ಟಣದ ಜಾಗದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ನೆಕ್ಕಿ ಬಂದಿದ್ದರು.

ಶಿಬಿರದಲ್ಲಿದ್ದ ಹುಡುಗಿ ಟ್ಯಾಬಿನಿಂದ ಕಣ್ಣೆತ್ತಲಿಲ್ಲ. ಅಜ್ಜಿ ಮೇಜಿನ ಮೇಲೆ ಬಾಗಿದರು.

“ಅಮ್ಮಯ್ಯಾ, ಇವ್ರು ಎಂಥದೋ ಪುಡಿ ತಿಂತಾರೆ. ಏನು ಅಂತ ಒಸಿ ಕೇಳು.”

“ಪುಡಿಗೆ ಇದರಲ್ಲಿ ಕಾಲಮ್ ಇಲ್ಲ ಅಜ್ಜಿ. ಮುಷ್ಟಿ ಬಿಗಿಹಿಡೀರಿ ತಾತ.”

“ಊದಿಸಿ ನೋಡುವ ಯಂತ್ರ ಎಲ್ಲಿ?” ಎಂದು ನಾನು ಕೇಳಿದೆ. ಶ್ವಾಸಕೋಶದ ಕಾಯಿಲೆಯನ್ನು ಅಳೆಯಲು ಉಸಿರನ್ನೂ ಅಳೆಯಬೇಕೆಂಬಷ್ಟು ನಾನು ಓದಿಕೊಂಡಿದ್ದೆ.

“ಮಷೀನ್ ಬಂದಿದೆ ಮೇಡಂ, ಪೈಪ್ ಬಂದಿಲ್ಲ. ನೆಕ್ಸ್ಟ್!”

ಫೋನ್ ನಂಬರ್ ಕೇಳಿದಾಗ ತಾತ ಠೀವಿಯಿಂದ ಮಂಡಿಯ ನಂಬರನ್ನೇ ಕೊಟ್ಟರು. ಅವರ ಲೆಕ್ಕದಲ್ಲಿ ಅದೇ ಅವರ ವಿಳಾಸ. ಹೀಗಾಗಿ ಫಲಿತಾಂಶ ನೇರವಾಗಿ ಹೋಗಿ ಬಿದ್ದದ್ದು ಮಂಡಿ ಮಾಲೀಕರಾದ ಸಾಹೇಬರ ಫೋನಿಗೆ: ಅತಿ ಹೆಚ್ಚಿನ ಅಪಾಯ, ಮುಂದಿನ ವರ್ಷ ನಿರ್ಣಾಯಕ, ಉಸಿರಿನಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡ್ ಔಷಧದಿಂದ ಪ್ರಯೋಜನ ಅಸಂಭವ, ಕುಟುಂಬದವರು ಸಿದ್ಧರಾಗಿರಬೇಕು. ಕೊನೆಗೆ ಒಂದು ಹೂಗುಚ್ಛದ ಚಿತ್ರ, ‘ನಿಮ್ಮ ದಿನ ಶುಭವಾಗಿರಲಿ’ ಎಂಬ ಹಾರೈಕೆ. ಸಾಹೇಬರು ತಾತನ ಹಳೆಯ ಸ್ನೇಹಿತರು. ಓದಿದ ಕೂಡಲೇ ಕಣ್ಣು ಒದ್ದೆ ಮಾಡಿಕೊಂಡು, ಯಾರಿಗೂ ತಿಳಿಯದೆ ಹೋಗಬಾರದೆಂಬ ಕಾಳಜಿಯಿಂದ, ಅದನ್ನು ಮಂಡಿಯ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟರು.

ಮರುದಿನದಿಂದ ನಮ್ಮ ಮನೆಯಲ್ಲಿ ಅಂತಿಮ ದರ್ಶನ ಆರಂಭವಾಯಿತು. ಮಾವಿನ ಮಂಡಿಯವರ ಮನೆಗೆ ಬರುವವರೆಲ್ಲರ ಕೈಯಲ್ಲೂ ಬಾಳೆಹಣ್ಣು. ಎಲ್ಲರಿಗಿಂತ ಮೊದಲು ಬಂದವರು ಮಾಲೂರು ತಾಲ್ಲೂಕಿನ ಟೇಕಲ್‌ನಿಂದ ತಾತನ ತಂಗಿ. ಬಾಗಿಲಲ್ಲೇ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಬಂದವರು, ಮುದ್ದೆ ಬಸ್ಸಾರಿನ ಮುಂದೆ ಕೂತಿದ್ದ ಅಣ್ಣನನ್ನು ಕಂಡು ಗಲಿಬಿಲಿಗೊಂಡರು.

“ಅಯ್ಯೋ ಅಣ್ಣಾ, ಹಿಂಗೆ ಕೂತಿದ್ದೀಯಲ್ಲೋ!”

“ಮತ್ತೆ ಹೆಂಗೆ ಕೂರ್ಬೇಕಿತ್ತೇ? ಕೈಕಾಲು ನೀಡಿ ಮಲಗಿರ್ಬೇಕಿತ್ತಾ?”

“ಮುಖ ಎಷ್ಟು ಇಳಿದೋಗೈತೆ…”

“ನೀನು ಅಳ್ತಾ ಬಂದಿದ್ದು ನೋಡಿ ಇಳೀತು ಕಣೇ. ತಟ್ಟೆ ತಗೋ, ಕೂತ್ಕೋ.”

ಆಕೆ ಕೂತರು. ಅಳುತ್ತಲೇ ಊಟ ಮಾಡಿ, ಕಣ್ಣೊರೆಸಿಕೊಂಡು, ಸಾರಿಗೆ ಹುಳಿ ಸಾಲದೆಂದರು. ಒಲೆಯ ಮುಂದಿದ್ದ ಅಜ್ಜಿ ನನ್ನ ಕಡೆ ತಿರುಗಿದರು. “ಸಾಯೋರನ್ನ ನೋಡೋಕೆ ಬಂದೋರು ಸಾರಿನ ರುಚಿ ಹೇಳ್ತಾರೆ. ಏಮ್ಮಾ, ಇದಕ್ಕೂ ಯಾರ್ಮೇಲಾದ್ರೂ ಕೇಸ್ ಹಾಕೋಕೆ ಆಗ್ತದಾ ನಿನ್ನ ಓದಲ್ಲಿ?”

ಮೊದಮೊದಲು ತಾತ ಈ ದರ್ಬಾರನ್ನು ಸವಿದರು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ತೋಟದವರೊಬ್ಬರು ಬಂದು ಕೈಮುಗಿದು ಕ್ಷಮೆ ಕೇಳಿದಾಗ, ಯಾವ ತಪ್ಪಿಗೆಂದು ನೆನಪಾಗದಿದ್ದರೂ ದೊಡ್ಡ ಮನಸ್ಸಿನಿಂದ ಕ್ಷಮಿಸಿದರು. ನಗು ನಿಂತದ್ದು ಸಾಹೇಬರು ಬಂದ ದಿನ.

“ಅರೇ ಅಣ್ಣಾ, ಬಹಳ ದುಡಿದ್ರಿ ನೀವು. ಈ ಸೀಸನ್ ಆರಾಮ್ ಮಾಡಿ. ನಮ್ ಅಳಿಯ ಇದಾನಲ್ಲ, ಮೈಕ್ ಇಟ್ಕೊಂಡು ಕೂಗ್ತಾನೆ.”

“ಮೈಕಾ?” ಎಂದರು ತಾತ. “ಯಾಕೆ ಸಾಬ್ರೇ, ಹಣ್ಣಿಗೆ ಕಿವುಡಾ?”

ಸಾಹೇಬರು ನಗಲು ಹೋಗಿ ಅತ್ತರು. ಅವರು ಹೊರಟ ಮೇಲೆ ತಾತ ಜಗಲಿಯ ಮೇಲೆ ಒಬ್ಬರೇ ಕೂತು, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದುಕೊಂಡು, “ಬಾದಾಮೀ…” ಎಂದು ಮೆಲ್ಲಗೆ ಎಳೆದರು. ಸ್ವರ ಅರ್ಧಕ್ಕೇ ಮುರಿಯಿತು. ಇನ್ನೊಮ್ಮೆ ಎಳೆಯಲಿಲ್ಲ. ಆ ದಿನದಿಂದ ಬಾಳೆಹಣ್ಣು ತಂದವರನ್ನು ಅವರು ಮಾತಾಡಿಸಲೂ ಇಲ್ಲ.

ನಾನು ಸಂದೇಶದಲ್ಲಿದ್ದ ನಂಬರಿಗೆ ಕರೆಮಾಡಿದೆ. ನನ್ನ ಕರೆ ಅವರಿಗೆ ಬಹುಮುಖ್ಯವೆಂದು ಒಂದು ಧ್ವನಿ ತಿಳಿಸಿತು. ಅದಾದ ಮೇಲೆ ಸಂಗೀತ. ಸಂಗೀತ ಕೇಳಿ ಸಾಕಾಗಿ ತಾತನನ್ನು ಬಸ್ಸು ಹತ್ತಿಸಿ ಕೋಲಾರಕ್ಕೆ ಕರೆದುಕೊಂಡು ಹೋದೆ. ಅಜ್ಜಿಯೂ ಹಟ ಹಿಡಿದು ಬಂದರು.

ಕೋಲಾರದ ಎದೆರೋಗದ ವೈದ್ಯೆ ಫಲಿತಾಂಶದ ಮೇಲೆ ಕಣ್ಣಾಡಿಸಿ, ಅದನ್ನು ಬದಿಗಿಟ್ಟು, ಶಿಬಿರದವರು ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಿದರು. “ಡಾಕ್ಟರ್ ಬರೆದುಕೊಟ್ಟ ಔಷಧ ಬಿಟ್ಟು ಇನ್ನೇನು ತಗೋತೀರಿ?”

“ಏನೂ ಇಲ್ಲ ತಾಯಿ.”

ಅಜ್ಜಿ ಕೆಮ್ಮಿದರು. ಅದು ಕಾಯಿಲೆಯ ಕೆಮ್ಮಾಗಿರಲಿಲ್ಲ. ತಾತ ಪಂಚೆಯ ಸೊಂಟದ ಮಡಿಕೆಯಿಂದ ಪೊಟ್ಟಣವನ್ನು ಹೊರತೆಗೆದರು.

“ರಕ್ತ ಕೊಟ್ಟ ದಿನ ಎಷ್ಟು ತಿಂದಿದ್ರಿ?”

“ದಿನಾ ಒಂದು. ಅವತ್ತು… ಮೇಲಿನ ಸಾಲು ಒಂಚೂರು ಚೆನ್ನಾಗಿ ಕಾಣ್ಲಿ ಅಂತ…”

ವೈದ್ಯೆಗೆ ಅರ್ಥವಾಗಲಿಲ್ಲ. ನಾನು ಕ್ರೇಟಿನ ಕ್ರಮ ವಿವರಿಸಿದೆ. ಅವರು ಕನ್ನಡಕ ತೆಗೆದಿಟ್ಟು ನಕ್ಕರು; ನಕ್ಕು ಮುಗಿದ ಮೇಲೆ ಮುಖ ಗಂಭೀರವಾಯಿತು. ಇಂಥ ಪುಡಿಗಳಿಗೆ ಎಷ್ಟೋ ಸಲ ಸ್ಟೀರಾಯ್ಡ್ ಬೆರೆಸಿರುತ್ತಾರೆ ಎಂದರು. ರಕ್ತದ ಒಂದು ಬಗೆಯ ಬಿಳಿಕಣ ಹೆಚ್ಚಿದ್ದರೆ ಎಳೆದುಕೊಳ್ಳುವ ಸ್ಟೀರಾಯ್ಡ್‌ನಿಂದ ಅನುಕೂಲವಾಗುವ ಸಂಭವ ಹೆಚ್ಚು. ಸ್ಟೀರಾಯ್ಡ್ ನುಂಗಿದವರಲ್ಲಿ ಆ ಕಣ ಕುಸಿಯುತ್ತದೆ. ಇನ್ನೊಂದು ಬಗೆಯದು ಮಿತಿಮೀರಿದ್ದರೆ ಕಾಯಿಲೆ ಕೆಡುವ ಸೂಚನೆಯೆಂದು ಓದುತ್ತಾರೆ. ಅದೇ ಸ್ಟೀರಾಯ್ಡ್ ಅದನ್ನು ಏರಿಸುತ್ತದೆ. ಚೆನ್ನಾಗಿ ಕಾಣಲೆಂದು ತಾತ ಮಾಡಿಕೊಂಡ ಸಿಂಗಾರವೇ ಎರಡು ಕಡೆಯಿಂದಲೂ ಅವರನ್ನು ಸಾವಿನ ಬಾಗಿಲಿಗೆ ತಳ್ಳಿತ್ತು.

“ಅಂದ್ರೆ ನನ್ನ ರಕ್ತ ಸುಳ್ಳು ಹೇಳ್ತಾ?” ತಾತನ ಮುಖದಲ್ಲಿ ತುಸು ಹೆಮ್ಮೆಯೂ ಇದ್ದಂತಿತ್ತು.

“ರಕ್ತ ಸುಳ್ಳು ಹೇಳಲ್ಲ. ನೀವು ತಿಂದಿದ್ದನ್ನೇ ಹೇಳ್ತು. ಅವರು ಅದನ್ನ ಕಾಯಿಲೆ ಅಂತ ಓದ್ಕೊಂಡ್ರು.” ಪುಡಿಯನ್ನು ಒಮ್ಮೆಲೇ ನಿಲ್ಲಿಸಿದರೆ ದೇಹ ಕುಸಿಯಬಹುದೆಂದು ಎಚ್ಚರಿಸಿ, ಅದರ ಜಾಗಕ್ಕೆ ಮಾತ್ರೆ ಕೊಟ್ಟು, ಅದನ್ನು ಹಂತಹಂತವಾಗಿ ಇಳಿಸುವ ಕ್ರಮ ಬರೆದುಕೊಟ್ಟರು. ಅದು ಮುಗಿದು ಕೆಲವು ವಾರ ಕಳೆದ ಮೇಲೆ ರಕ್ತವನ್ನು ಮತ್ತೆ ನೋಡೋಣವೆಂದರು.

ಆ ದಿನವೇ ಊದುವ ಪರೀಕ್ಷೆಯೂ ಆಯಿತು. ಇಲ್ಲಿ ಪೈಪು ಇತ್ತು. ಪರೀಕ್ಷೆ ಮಾಡಿಸುವಾತ ತಾತನ ಕಿವಿಯ ಬಳಿ “ಊದಿ, ಊದಿ, ಊದಿ, ಇನ್ನೂ, ಇನ್ನೂ!” ಎಂದು ಕೂಗುತ್ತಿದ್ದರೆ, ತಾತ ಅರ್ಧಕ್ಕೇ ಬಾಯಿ ತೆಗೆದು, “ಈಯಪ್ಪನ್ನ ಮಂಡಿಗೆ ಕರ್ಕೊಂಡ್ ಹೋಗೋಣ ಕಣಮ್ಮಾ, ಮೈಕೇ ಬೇಡ,” ಎಂದರು. ಮತ್ತೆ ಮೊದಲಿನಿಂದ ಊದಬೇಕಾಯಿತು. ಶ್ವಾಸಕೋಶ ನಿಜವಾಗಿಯೂ ಸವೆದಿತ್ತು. ಅದನ್ನು ಯಾವ ಸಿಂಗಾರವೂ ಮುಚ್ಚುವಂತಿರಲಿಲ್ಲ. ಆದರೆ ಮುಂದೆ ನಡೆದ ಎರಡನೆಯ ರಕ್ತಪರೀಕ್ಷೆಗೆ ತಾತ ಯಾವ ಜೋಡಣೆಯೂ ಇಲ್ಲದೆ, ಇಸ್ತ್ರಿಯಿಲ್ಲದ ಪಂಚೆಯಲ್ಲಿ ಹೋದರು. ಕುಸಿದಿದ್ದ ಕಣ ಮೇಲೆದ್ದಿತ್ತು. ಅವರಿಗೆ ಫಲಿಸದೆಂದು ಸಂದೇಶ ಸಾರಿದ್ದ ಔಷಧವೇ ಅವರ ಇನ್‌ಹೇಲರಿಗೆ ಸೇರಿತು, ಫಲಿಸಿತು. ಮಾವು ಕೆಂಪಾಗುವ ಹೊತ್ತಿಗೆ ಕಂಬ ಹಿಡಿಯದೆ ಮಂಡಿಯ ಅಂಗಳ ದಾಟುವಂತಾದರು.

ಮಂಡಿಗೆ ಮರಳಿದ ದಿನ, ಸಂದೇಶ ಓದಿದ್ದ ನಂಗಲಿಯ ಲಾರಿ ಚಾಲಕನೊಬ್ಬ ಅವರನ್ನು ಕಂಡು ಬೆಚ್ಚಿ ಟೀ ಚೆಲ್ಲಿಕೊಂಡ. “ಮುಟ್ಟಿ ನೋಡ್ಲಾ, ಬೆಚ್ಚಗಿದ್ದೀನಿ,” ಎಂದು ತಾತ ಕೈ ಚಾಚಿದರು. ಸಾಹೇಬರ ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು: ಬಾದಾಮಿ ತಾತನದು, ತೋತಾಪುರಿ ಅಳಿಯನದು, ಮೈಕು ಇಬ್ಬರದೂ. ತಾತ ಮೈಕನ್ನು ಒಂದಷ್ಟು ದೂರವೇ ಹಿಡಿಯುತ್ತಾರೆ, ಅದರ ಅಗತ್ಯ ತಮಗಿಲ್ಲವೆಂಬಂತೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅದೇ ಅಂಗಳದಲ್ಲಿ ಕ್ರೇಟು ಹೊರುವ ಹಮಾಲಿಯೊಬ್ಬರು ಏದುತ್ತಾ ನನ್ನ ಬಳಿ ಬಂದು ತಮ್ಮ ಫೋನು ತೋರಿಸಿದರು. ಅದೇ ಸಂದೇಶ, ಅದೇ ಹೂಗುಚ್ಛ. ಪ್ರಯೋಜನವಿಲ್ಲವೆಂದು ಬರೆದಿದ್ದಾರಲ್ಲ ಎಂದುಕೊಂಡು, ವೈದ್ಯರು ಕೊಟ್ಟಿದ್ದ ಇನ್‌ಹೇಲರನ್ನು ಅವರು ಬಿಟ್ಟೇಬಿಟ್ಟಿದ್ದರು. ಅವರೂ ನಂಗಲಿಯ ಪುಡಿಯ ಗಿರಾಕಿ. ತಾತ ಅವರನ್ನು ಬೈದು, ಮರುದಿನವೇ ಕೋಲಾರದ ಬಸ್ಸು ಹತ್ತಿಸಿದರು. ಸಂದೇಶ ಇನ್ನೂ ಯಾರ ಯಾರ ಫೋನಿನಲ್ಲಿದೆಯೋ ನನಗೆ ತಿಳಿಯದು. ಶಿಬಿರ ನಡೆಸಿದ ನಿಮಗೆ ತಿಳಿದಿದೆ.

ಆದ್ದರಿಂದ ಶಿಬಿರ ನಡೆಸಿದವರನ್ನೂ ಅದಕ್ಕೆ ಅನುಮತಿ ಕೊಟ್ಟವರನ್ನೂ ನಾನು ಈ ಮೂಲಕ ವಿಧ್ಯುಕ್ತವಾಗಿ ಕೇಳುತ್ತಿದ್ದೇನೆ. ರೋಗಿ ತಿನ್ನುವ ಔಷಧವನ್ನು ವಿಚಾರಿಸದೆ, ಉಸಿರನ್ನು ಅಳೆಯದೆ, ಒಂದೇ ಸಲದ ರಕ್ತದಿಂದ ಒಬ್ಬರ ಭವಿಷ್ಯ ನುಡಿಯುವ ನಿರ್ಧಾರ ಯಾರದು? ರಕ್ತದ ಗುರುತುಗಳ ಮೇಲೆ ನನಗೆ ತಕರಾರಿಲ್ಲ. ಸರಿಯಾಗಿ ಓದಿದಾಗ ಅವೇ ನನ್ನ ತಾತನಿಗೆ ಉಸಿರು ಕೊಟ್ಟವು. ಆ ದಿನ ರಕ್ತ ಕೊಟ್ಟವರೆಲ್ಲರನ್ನೂ ಹುಡುಕಿ, ಆ ಸಂದೇಶವನ್ನು ಹಿಂತೆಗೆದುಕೊಂಡು, ವೈದ್ಯರ ಎದುರಿನಲ್ಲಿ ಅವರನ್ನು ಮರುಪರೀಕ್ಷೆಗೆ ಒಳಪಡಿಸಬೇಕೆಂದೂ, ನಂಗಲಿಯ ಆ ಪುಡಿಯಲ್ಲಿ ಏನಿದೆಯೆಂದು ಪರೀಕ್ಷಿಸಿ ಜನರಿಗೆ ತಿಳಿಸಬೇಕೆಂದೂ ಕೋರುತ್ತೇನೆ. ಉತ್ತರವನ್ನು ದಯವಿಟ್ಟು ಮಂಡಿಯ ಫೋನಿಗೆ ಕಳುಹಿಸಬೇಡಿ. ಖುದ್ದಾಗಿ ಬನ್ನಿ, ಕ್ರೇಟಿನ ತಳದವರೆಗೆ ಕೈ ಹಾಕಿ ನೋಡಿ, ತಾತನ ಮುಂದೆ ನಿಂತು ಹೇಳಿ. ಬಾದಾಮಿಯ ಹರಾಜು ಮುಗಿಯುವವರೆಗೆ ಮಾತ್ರ ದಯಮಾಡಿ ಕಾಯಬೇಕು. ನಡುವೆ ಮಾತಾಡಿಸಿದರೆ ಅವರಿಗೆ ಉಸಿರು ತಪ್ಪುತ್ತದೆ.